ನೀಲಿ ಮೆರುಗಿನ ಮೇಲೊಂದು ಸಾಲು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ಮೂವತ್ತೊಂದು ವರ್ಷದ ಸಂಸಾರ ನಿನ್ನೆ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಕೋರ್ಟಿನ ಮೆಟ್ಟಿಲು ಹತ್ತದೆ, ಪೇಪರಿನವರಿಗೆ ಸುಳಿವು ಸಿಗದೆ, ನಿಮ್ಮಪ್ಪ ಬಯಸಿದ ಹಾಗೇ. ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಂಧಾನ ಮಾಡಿಸಿದವರು ನಿವೃತ್ತ ನ್ಯಾಯಾಧೀಶೆ, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ನಿಮ್ಮಪ್ಪನನ್ನೊಂದು ಕೋಣೆಯಲ್ಲಿ, ನನ್ನನ್ನೊಂದು ಕೋಣೆಯಲ್ಲಿ ನಮ್ಮ ನಮ್ಮ ವಕೀಲರ ಜೊತೆ ಕೂರಿಸಿ, ನಡುವಿನ ಕಾರಿಡಾರಿನಲ್ಲಿ ಮೂರು ದಿನ ಓಡಾಡಿದರು. ಆಸ್ತಿಯ ವಿಷಯ ಮೊದಲ ದಿನವೇ ಇತ್ಯರ್ಥವಾಯಿತು. ಮನೆ ನನಗೆ, ತೋಟದ ಬಂಗಲೆ ಮತ್ತು ಕಾರ್ಖಾನೆ ಅವರಿಗೆ. ಹದಿನಾಲ್ಕು ಜನ ಕೂರುವ ಊಟದ ಮೇಜು ಮಾತ್ರ ಇಬ್ಬರಿಗೂ ಬೇಡವಾಗಿತ್ತು. ದಾಯಾದಿಗಳು ಕೂಡ ನಮ್ಮಷ್ಟು ಮರ್ಯಾದೆಯಿಂದ ಪಾಲಾಗಿರಲಾರರು.

ನಾನು ಕೇಳಿದ್ದು ಒಂದೇ ಒಂದು. ಕಂಪನಿಯ ಇತಿಹಾಸದ ಪುಸ್ತಕದಲ್ಲಿ, ನಮ್ಮ ಪಿಂಗಾಣಿಯ ನೀಲಿ ಮೆರುಗು ಸಂಸ್ಥಾಪಕರು, ಅಂದರೆ ನಿಮ್ಮಪ್ಪ, ಕಂಡುಹಿಡಿದದ್ದು ಎಂದಿದೆಯಲ್ಲ, ಅಲ್ಲಿ ನನ್ನ ಹೆಸರು ಬರೆಯಬೇಕು ಅಂದೆ. ತಗಡಿನ ಶೆಡ್ಡಿನಲ್ಲಿ ಎರಡು ವರ್ಷ ಪುಡಿ ಅರೆದು, ಬೆರೆಸಿ, ಸುಟ್ಟು, ಹಾಳುಮಾಡಿ ಆ ಬಣ್ಣ ತಂದವಳು ನಾನು. ನೀನಾಗ ಐದು ವರ್ಷದವಳು, ಮಣ್ಣಿನ ಮೂಟೆಗಳ ಮೇಲೆ ಮಲಗಿರುತ್ತಿದ್ದೆ. ಮೊದಲ ನೀಲಿ ಟೀ ಕಪ್ಪು ಸುಡುವ ಗೂಡಿನಿಂದ ಹೊರಬಂದಾಗ ನಿಮ್ಮಪ್ಪ ಅದನ್ನು ಎದೆಗವಚಿಕೊಂಡು ಅತ್ತಿದ್ದರು. ಯಾವಾಗ ಆ ಮೆರುಗು ಅವರದಾಯಿತೋ ನನಗೆ ತಿಳಿಯಲಿಲ್ಲ. ಸಭೆಗಳಲ್ಲಿ ಅವರು ತಾವೇ ಕಂಡುಹಿಡಿದದ್ದೆಂದು ಹೇಳುತ್ತಿದ್ದರು, ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ. ತಪ್ಪು ನನ್ನದೂ ಇದೆ.

ನ್ಯಾಯಾಧೀಶೆ ಹೋಗಿ ಬಂದು, ಬೇಕಾದರೆ ತೋಟದ ಬಂಗಲೆಯನ್ನೂ ಕೊಡುತ್ತಾರಂತೆ, ಆ ಸಾಲು ಮಾತ್ರ ಆಗುವುದಿಲ್ಲವಂತೆ ಅಂದರು. ಬಂಗಲೆ ಬೇಡ ಅಂದೆ. ಮತ್ತೆ ಹೋದರು. ಕೈಜೋಡಿಸಿದ್ದಾಳೆ ಅಂತ ಬೇಕಾದರೆ ಬರೆಸುತ್ತಾರಂತೆ. ಆಗಲ್ಲ ಅಂದೆ. ಆ ತಾಯಿ ಕುರ್ಚಿಯಲ್ಲಿ ಕುಸಿದು ಮಂಡಿ ನೀವಿಕೊಳ್ಳುತ್ತಾ, ಕೋಟಿಗಳಿಗೆ ಕಚ್ಚಾಡುವವರನ್ನು ಬೇಕಾದಷ್ಟು ನೋಡಿದ್ದೀನಮ್ಮಾ, ಒಂದು ಸಾಲಿಗೆ ಇಷ್ಟು ನಡೆದದ್ದು ಇದೇ ಮೊದಲು ಅಂದರು. ನನ್ನ ವಕೀಲರು, ಕೋರ್ಟಿಗೇ ಹೋಗೋಣ, ಗೆಲ್ಲುತ್ತೀರಿ ಅಂದರು. ನಾನೂ ಗಟ್ಟಿ ಮನಸ್ಸು ಮಾಡಿದ್ದೆ.

ಮೂರನೆಯ ದಿನ ಮಧ್ಯಾಹ್ನ ಯಾಕೋ ಸಾಕೆನಿಸಿತು. ಸಾಲೂ ಬೇಡ, ಎಲ್ಲಿ ಸಹಿ ಮಾಡಬೇಕು ತೋರಿಸಿ ಅಂದುಬಿಟ್ಟೆ.

ಸಹಿಗೆ ನಿಮ್ಮಪ್ಪನೂ ನನ್ನ ಕೋಣೆಗೆ ಬಂದರು. ಇಳಿದುಹೋಗಿದ್ದಾರೆ, ಕಾಲರಿನೊಳಗೆ ಕತ್ತು ಸಡಿಲವಾಗಿದೆ. ಕಾಗದ ಸರಿಸುತ್ತಾ ಮೆಲ್ಲಗೆ, ಆ ಮೊದಲನೇ ಕಪ್ಪು ಹಿಡಿದುಕೊಂಡು ಅತ್ತಿದ್ದು ನೆನಪಿದೆಯಾ ಅಂತ ಕೇಳಿದೆ. ಅವರು ನನ್ನನ್ನೇ ನೋಡಿ, ಯಾವ ಕಪ್ಪು ಅಂದರು. ಗುಬ್ಬಿ, ಅವರು ಸುಳ್ಳು ಹೇಳುವಾಗ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಅದು ಆ ಮುಖವಲ್ಲ. ಅವರು ನಿಜವಾಗಿಯೂ ಮರೆತಿದ್ದಾರೆ. ಇಷ್ಟು ದಿನ ಕಳ್ಳನ ಜೊತೆ ಜಗಳವಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಲ್ಲಿ ಕಳ್ಳನೂ ಇರಲಿಲ್ಲ.

ನೀನು ಕೆಲಸದ ನಡುವೆ ಊಟ ಬಿಡಬೇಡ. ನಿಮ್ಮಪ್ಪನ ಬಿಪಿ ಮಾತ್ರೆ ಮುಗಿಯುತ್ತಾ ಬಂದಿದೆ, ಇನ್ನುಮೇಲೆ ನೀನೇ ನೋಡಿಕೋ.

ನಿನ್ನವಳೇ ಆದ,
ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಬಾರದೆಂದಿದ್ದೆ. ಆ ಮಧ್ಯಾಹ್ನ, ನಾನು ಸಾಕೆನ್ನುವ ಮುಂಚೆ, ನಿಮ್ಮಪ್ಪನ ವಕೀಲರು ನಿನ್ನ ಹೇಳಿಕೆ ಕಳಿಸಿದರು. ಮೆರುಗು ಅಪ್ಪನದೇ, ಅಮ್ಮ ಶೆಡ್ಡಿಗೆ ಬರುತ್ತಲೇ ಇರಲಿಲ್ಲ ಎಂದು ಎರಡು ಪುಟ, ಕೆಳಗೆ ನಿನ್ನ ಸಹಿ. ಕೋರ್ಟಿಗೆ ಹೋದರೆ ನನ್ನ ವಕೀಲರು ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ, ಸುಳ್ಳುಗಾತಿ ಅನ್ನಿಸಬೇಕಿತ್ತು. ಅದು ನನ್ನಿಂದಾಗಲಿಲ್ಲ. ಈ ಭಾನುವಾರ ಫೋನ್ ಮಾಡಬೇಡ. ಮಾಡಿದರೆ ಎತ್ತಿಬಿಡುತ್ತೇನೆ.