ಮೇಷ್ಟ್ರು ಮತ್ತು ಹೆಡ್‌ಫೋನ್

ಮಾರ್ಚ್ 4, ಮಧ್ಯಾಹ್ನ 3

ಒಂದು ವಿಷಯ ಬರೆದುಬಿಡಬೇಕು. ಎರಡು ವರ್ಷದಿಂದ ಮುಚ್ಚಿಟ್ಟಿದ್ದು. ಮನೆಯಿಂದಲೇ ಗಿರಾಕಿಗಳ ಫೋನ್ ತೆಗೆದುಕೊಳ್ಳುವ ನನ್ನ ಶಿಫ್ಟ್ ಎರಡು ಗಂಟೆಗೇ ಮುಗಿಯುತ್ತದೆ. ಆಮೇಲೂ ಹೆಡ್‌ಫೋನ್ ತೆಗೆಯುವುದಿಲ್ಲ. ಹಾಡೂ ಇಲ್ಲ, ಫೋನೂ ಇಲ್ಲ, ಆರರವರೆಗೆ ಸುಮ್ಮನೆ ಕಿವಿಯ ಮೇಲಿರುತ್ತದೆ. ಅದು ತಲೆಯ ಮೇಲಿದ್ದರೆ ಅಮ್ಮ ಮಾತಾಡಿಸುವುದಿಲ್ಲ. "ಈ ಸಲವಾದ್ರೂ ಪರೀಕ್ಷೆ ಕಟ್ಟೇ" ಎನ್ನುವುದಿಲ್ಲ. ಮಿಕ್ಸಿ ತಿರುಗುವುದಿಲ್ಲ. ಮೇಷ್ಟ್ರು ಬೊಗಳುವುದಿಲ್ಲ.

ಇವತ್ತು ಅಮ್ಮ ಪಕ್ಕದ ಮನೆ ಆಂಟಿಗೆ ಹೇಳುತ್ತಿದ್ದಳು. "ಓದು ಬಿಟ್ಟರೇನಂತೆ, ಬೆಳಿಗ್ಗೆಯಿಂದ ಸಂಜೆವರೆಗೂ ದುಡೀತಾಳೆ ನನ್ನ ಮಗಳು." ಒಳಗೆ ಕೂತು ಎಲ್ಲ ಕೇಳಿಸಿಕೊಂಡೆ. ಸುಳ್ಳು ಹೇಳುವವಳಲ್ಲ ಅಂತ ನನಗೆ ಜಂಬ. ಹೇಳಿಲ್ಲ, ನಿಜ. ತಲೆಗೆ ಹಾಕಿಕೊಂಡಿದ್ದೇನೆ.

ಮೇಷ್ಟ್ರು ಬಿಸ್ಕತ್ತು ಮೂಸಿ ಬಿಟ್ಟರು. ಸೆಖೆಗೋ ಏನೋ.

ಮಾರ್ಚ್ 6

ಇವತ್ತೂ ತಿನ್ನಲಿಲ್ಲ. ಟೇಬಲ್ ಕೆಳಗೆ, ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಬಿದ್ದಿದ್ದಾರೆ. ಬಾಗಿಲು ಮುಚ್ಚಿದ ಟಯರ್ ಅಂಗಡಿಯ ಹಿಂದೆ ಯಾರೋ ತಂತಿಯಲ್ಲಿ ಕಟ್ಟಿ ಬಿಟ್ಟುಹೋಗಿದ್ದ ನಾಯಿ. ಬರೀ ಎಲುಬು. ಅರ್ಧ ಕಿವಿ ಇಲ್ಲ. ಮನೆಗೆ ತಂದ ದಿನ ಮೂಲೆಯಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡಿತು. ಅಮ್ಮ ನಕ್ಕಳು. "ಸ್ಕೂಲ್ ಬಿಟ್ಟೋಳನ್ನ ಹುಡುಕ್ಕೊಂಡು ಮೇಷ್ಟ್ರೇ ಮನೆಗೆ ಬಂದ್ರಲ್ಲೇ!" ಅವತ್ತಿನಿಂದ ಬಹುವಚನ.

ಕೆಲಸದ ಮೊದಲ ವಾರ ಒಂದು ಫೋನ್ ಕಾಲ್ ನಡುವೆ ಬೊಗಳಿದರು. ಪಾರ್ಸೆಲ್ ಬಂದಿಲ್ಲ ಅಂತ ಗೋಳಾಡುತ್ತಿದ್ದ ಗಿರಾಕಿ ಸಿಡಿದ — "ಏನ್ರೀ, ಕೇಳಿದ್ರೆ ನಾಯಿ ಛೂ ಬಿಡ್ತೀರಾ?" ಸೂಪರ್‌ವೈಸರ್ ಬೈದಳು. ಆಮೇಲೆ ಕಲಿಸಿದೆ. ಹೆಡ್‌ಫೋನ್ ತಲೆಗೆ, ಬೆರಳು ತುಟಿಗೆ, ಒಂದು ಬಿಸ್ಕತ್ತು. ಗೋಡೆಯ ಮೊಳೆಗೆ ನೇತುಹಾಕಿದರೆ ಎಷ್ಟು ಬೇಕಾದರೂ ಬೊಗಳಬಹುದು. ನಾಲ್ಕೇ ದಿನ. ಹತ್ತು ವರ್ಷ ಬೆಂಚು ಸವೆಸಿ ಹದಿನೇಳರ ಮಗ್ಗಿ ಬಾರದವಳು ಮೇಷ್ಟ್ರಿಗೇ ಪಾಠ ಕಲಿಸಿದೆ ಅಂತ ಎಷ್ಟು ಮೆರೆದೆ.

ಮಾರ್ಚ್ 11

ಮೇಷ್ಟ್ರನ್ನು ಡಾಕ್ಟರ್‌ಗೆ ತೋರಿಸಿಕೊಂಡು ಬಂದೆವು. ಹೊಟ್ಟೆಯಲ್ಲಿ ಗಡ್ಡೆ. ಲಿವರ್‌ಗೂ ಹಬ್ಬಿದೆ. ಆಪರೇಷನ್‌ಗೆ ಹೊತ್ತು ಮೀರಿದೆಯಂತೆ.

"ತಿಂಗಳುಗಟ್ಟಲೆ ನೋವಿದ್ದಿರಬೇಕಮ್ಮಾ. ಅಳ್ತಿರಲಿಲ್ವಾ?"

"ಇಲ್ಲ ಡಾಕ್ಟ್ರೇ. ಇಡೀ ದಿನ ನನ್ನ ಕಾಲ ಬುಡದಲ್ಲೇ ಇರ್ತಾರೆ. ಒಂದು ಸದ್ದೂ ಇಲ್ಲ."

'ಇರ್ತಾರೆ' ಅಂದದ್ದಕ್ಕೆ ಡಾಕ್ಟರ್ ತಲೆಯೆತ್ತಿ ನೋಡಿದರು. ನಗಲಿಲ್ಲ.

"ಅಳ್ತಿತ್ತಲ್ಲೇ," ಅಂದಳು ಹಿಂದೆ ನಿಂತಿದ್ದ ಅಮ್ಮ. "ನೀನು ಹೆಡ್‌ಫೋನ್ ಮೊಳೆಗೆ ಹಾಕಿ ಸ್ನಾನಕ್ಕೋ ಸೈಕಲ್ ಸುತ್ತೋಕೋ ಹೋದ್ರೆ ಕುಂಯ್ ಕುಂಯ್ ಅಂತಿತ್ತು. ನಿನ್ನ ಹುಡುಕ್ತಿದೆ ಅಂದ್ಕೊಂಡೆ ಕಣೇ."

ಅದೇ ದಿನ, ಸಂಜೆ

ಸೈಕಲ್ ಸುತ್ತಿ ಬಂದವಳೇ ಹಾಡು ಕೇಳಲು ಮತ್ತೆ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಮಲಗುವವರೆಗೂ. ಹಾಗಾದರೆ ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದದ್ದು ನನ್ನ ಶಿಫ್ಟ್‌ಗಾಗಿ. ಇಲ್ಲದ ಶಿಫ್ಟ್‌ಗಾಗಿ.

ಅಮ್ಮನಿಗೆ ಹೇಳಿಬಿಟ್ಟೆ. ಎರಡು ಗಂಟೆಗೇ ಮುಗೀತಿತ್ತಮ್ಮಾ, ಅಂತ. ಬೈಯಲಿ ಎಂದು ಕಾದೆ. "ನನ್ನ ಬಾಯಿಗೆ ಹೆದರಿ ಕಿವಿ ಮುಚ್ಕೊಂಡೆಯಾ?" ಅಷ್ಟೇ ಅಂದಳು. ಅಡುಗೆಮನೆಗೆ ಹೋದಳು. ಮಿಕ್ಸಿ ಸದ್ದು ಬರಲಿಲ್ಲ. ಹಾಕಬಹುದಿತ್ತು.

ಮಾರ್ಚ್ 14

ಮೊನ್ನೆ ಬೆಳಿಗ್ಗೆಯೇ ರಜೆ ಕೇಳಿದೆ. "ಜ್ವರ ಅಂತ ಬರಿ ಮಾರಾಯ್ತಿ, ನಾಯಿಗೆಲ್ಲ ರಜೆ ಕೊಡಲ್ಲ" ಅಂದಳು ಸೂಪರ್‌ವೈಸರ್. 'ನಾಯಿ ಸಾಯುತ್ತಿದೆ' ಎಂದೇ ಬರೆದೆ. ಕೊಟ್ಟರೆ ಕೊಡಲಿ.

ಹೆಡ್‌ಫೋನ್ ಮೂರು ದಿನದಿಂದ ಮೊಳೆಯ ಮೇಲೆ. ಮೊದಲ ದಿನ ಮೇಷ್ಟ್ರು ನಂಬಲೇ ಇಲ್ಲ. ಮೊಳೆಯನ್ನು ನೋಡುವುದು, ನನ್ನನ್ನು ನೋಡುವುದು. ನಿನ್ನೆ ಅಳು ಶುರುವಾಯಿತು. ಸಣ್ಣಗೆ, ಹಲ್ಲುಸಂದಿಯಿಂದ. ಇವತ್ತು ಗಟ್ಟಿಯಾಗಿ. ಡಾಕ್ಟರ್ ಕೊಟ್ಟ ಮಾತ್ರೆ ಎರಡು ಗಂಟೆಯೂ ತಡೆಯುತ್ತಿಲ್ಲ. ನೀರು ಕುಡಿಸಿದರೆ ವಾಂತಿ. ನಾಳೆ ಸರಿಹೋಗಬಹುದು... ಇಲ್ಲ. ಯಾಕೆ ಬರೆದೆ ಅದನ್ನು.

ಮಾರ್ಚ್ 15, ಬೆಳಿಗ್ಗೆ 11

ಬರೆಯಲು ನಾಚಿಕೆ. ಬರೆಯುತ್ತೇನೆ.

ಆ ಕೂಗು ಕೇಳಲಾಗಲಿಲ್ಲ. ಎದ್ದು ಹೆಡ್‌ಫೋನ್ ಹಾಕಿಕೊಂಡೆ. ನನ್ನ ಕಿವಿ ಮುಚ್ಚಲಿಕ್ಕಲ್ಲ. ಅವರ ಬಾಯಿ ಮುಚ್ಚಿಸಲಿಕ್ಕೆ. ಗೊತ್ತಿದ್ದೇ ಹಾಕಿಕೊಂಡೆ.

ತಕ್ಷಣ ಸುಮ್ಮನಾದರು. ಪಕ್ಕೆ ಮಾತ್ರ ಅದುರುತ್ತಿತ್ತು. ಆಮೇಲೆ ಕಷ್ಟಪಟ್ಟು ತಲೆಯೆತ್ತಿ ನನ್ನ ಕೈ ನೋಡಿದರು. ಬಿಸ್ಕತ್ತಿಗೆ. ನಾಲ್ಕು ದಿನದಿಂದ ಏನೂ ತಿಂದಿಲ್ಲ, ಕೊಟ್ಟಿದ್ದರೂ ತಿನ್ನುತ್ತಿರಲಿಲ್ಲ. ಆದರೂ ನೋಡಿದರು. ಸರಿಯಾಗಿ ಮಾಡಿದೆನಲ್ಲ, ಅನ್ನುವ ಹಾಗೆ.

ಕಿತ್ತು ಎಸೆದೆ. ಕಿವಿ ಮುಚ್ಚುವ ಒಂದು ಬಟ್ಟಲು ಮುರಿಯಿತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಎಲ್ಲ ನೋಡಿದ್ದಳು. ಒಳಗೆ ಬಂದು ಟೇಬಲ್ ಕೆಳಗೇ ತೂರಿ ನೆಲಕ್ಕೆ ಕೂತಳು.

"ಕೂಗಿ ಮೇಷ್ಟ್ರೇ. ಫೋನಲ್ಲಿ ಯಾರೂ ಇಲ್ಲ. ಎಷ್ಟು ಬೇಕಾದ್ರೂ ಕೂಗಿ."

ಸ್ವಲ್ಪ ಹೊತ್ತಾದ ಮೇಲೆ ಕೂಗಿದರು.

ಸಂಜೆ 5

ಇನ್ನು ನರಳಿಸಬಾರದು, ಡಾಕ್ಟರ್‌ಗೆ ಫೋನ್ ಮಾಡುತ್ತೇನೆ ಅಂದಳು ಅಮ್ಮ. ಬೇಡ, ನಾನೇ ಮಾಡಿದೆ. ಮೊದಲು ನಿದ್ದೆಗೆ ಒಂದು ಇಂಜೆಕ್ಷನ್, ಆಮೇಲೆ ಇನ್ನೊಂದು. ಜೊತೆಗಿರಬಹುದಂತೆ. "ಹಿಡ್ಕೊಂಡು ಏನಾದ್ರೂ ಮಾತಾಡ್ತಾ ಇರಿ, ನಿಮ್ಮ ದನಿ ಕೇಳಿಸ್ತಿರಲಿ" ಅಂದರು ಡಾಕ್ಟರ್.

ಏನು ಮಾತಾಡಲಿ? ದಿನಕ್ಕೆ ಅರವತ್ತು ಜನರಿಗೆ 'ನಿಮಗಾದ ತೊಂದರೆಗೆ ಕ್ಷಮಿಸಿ' ಎನ್ನುತ್ತೇನೆ. ಬಾಯಿಪಾಠ. ಅದನ್ನು ಮಾತ್ರ ಹೇಳಬಾರದು. ಇವರ ಜೊತೆ ಎರಡು ವರ್ಷ ಬೆರಳಲ್ಲೇ ಮಾತಾಡಿದ್ದು.

ಅಮ್ಮ ಒಗೆದ ಬೆಡ್‌ಶೀಟ್ ಮಡಿಸಿ ತಂದಳು. ಬೇಡ ಅಂದೆ, ಟೇಬಲ್ ಕೆಳಗಿನ ಹಳೆಯದರಲ್ಲೇ ಸುತ್ತಿಕೊಂಡು ಹೋಗೋಣ. ಮೊಳೆ ಖಾಲಿ. ಕೂಗುತ್ತಿದ್ದಾರೆ. ಪಕ್ಕದ ಮನೆಯವರು ಬಂದು ಕೇಳಿದರು, ಅಮ್ಮನೇ ಹೋಗಿ ಹೇಳಿದಳು. ನಾನು ಕಾಲು ಅಲುಗಿಸದೆ ಕೂತು ಬರೆಯುತ್ತಿದ್ದೇನೆ. ಗದ್ದ ಪಾದದ ಮೇಲಿದೆ.

ನಾಳೆ ಒಂಬತ್ತೂವರೆಗೆ ಹೊರಡುತ್ತೇವೆ.