ಕರಿಹಲಗೆಯ ಮೇಲೆ ನೇತುಹಾಕಿದ ಮನುಷ್ಯ

ಪಾಠಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರೇ,

ಹೋದ ಮಂಗಳವಾರ ನೀವು ನಮ್ಮೂರಿನ ಶಾಲೆಯಲ್ಲಿ ನನ್ನ ಮಗನನ್ನು ಎರಡನೆಯ ಸಲ ಗಲ್ಲಿಗೇರಿಸಿದಿರಿ. ಮೊದಲನೆಯ ಸಲ ಆ ಕೆಲಸ ಮಾಡಿದ್ದು ಮೈಸೂರಿನ ಸೆರೆಮನೆ. ಅಲ್ಲಿ ಜಡ್ಜಿಯ ರುಜುವಾದರೂ ಇತ್ತು. ನಿಮ್ಮ ಕೈಯಲ್ಲಿದ್ದದ್ದು ಸೀಮೆಸುಣ್ಣ.

ನರಸೀಪುರದ ಮುಕ್ಕಾಮು ಮುಗಿಸಿ ನಂಜನಗೂಡಿಗೆ ಹೊರಟಿದ್ದ ತಾವು ದಾರಿಯಲ್ಲಿ ಜಟಕಾ ನಿಲ್ಲಿಸಿ, ಹಳ್ಳಿಯ ಮಕ್ಕಳ ಬುದ್ಧಿ ಚುರುಕಾಗಲೆಂದು ಹೊಸ ಆಟವೊಂದನ್ನು ಕಲಿಸಿದಿರಂತೆ. ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡು, ಅಕ್ಷರಕ್ಕೊಂದರಂತೆ ಖಾಲಿ ಗೆರೆ ಎಳೆಯುವುದು. ಮಕ್ಕಳು ಒಂದೊಂದೇ ಅಕ್ಷರ ಊಹಿಸಬೇಕು. ತಪ್ಪಿದಂತೆಲ್ಲ ನೇಣುಗಂಬದ ಕೆಳಗೆ ಮನುಷ್ಯನ ಒಂದೊಂದು ಅಂಗ ಮೂಡುತ್ತದೆ. ತಾವು ಇಟ್ಟ ಪದ ‘ವಿಧೇಯತೆ’. ಹೊಲಕ್ಕೆ ಬುತ್ತಿ ಹೊರುವ ಮಕ್ಕಳು ಅದನ್ನು ಎಲ್ಲಿ ಕೇಳಿರಬೇಕು? ಮನುಷ್ಯ ಬೇಗ ನೇತಾಡಿದ. ತಾವು ನಕ್ಕಿರಂತೆ. ಎಂಥ ವಿದ್ಯಾಭ್ಯಾಸ!

ನನ್ನ ಮಗ ಕಾಲುವೆಯ ನೀರಿನ ಜಗಳದಲ್ಲಿ ಒಬ್ಬನನ್ನು ಕೊಂದ. ಅದು ನಿಜ. ದೊರೆಗಳಿಗೆ ದಯಾಭಿಕ್ಷೆಯ ಅರ್ಜಿ ಬರೆಯೆಂದು ನೆಂಟರೆಲ್ಲ ಗೋಗರೆದರು. ಹೈಸ್ಕೂಲಿನವರೆಗೆ ಓದಿದ ನನಗೆ ಬರೆಯಲು ಬಾರದೆ ಅಲ್ಲ, ಸತ್ತವನ ತಾಯಿ ಮಂಚಮ್ಮನ ಮುಖ ನೋಡಿ ಬರೆಯಲಿಲ್ಲ. ಗಲ್ಲಾದ ಮೇಲೆ ಮಗನ ಶವವನ್ನು ಊರಿಗೆ ತಂದು, ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಪದ್ಮಾಸನದಲ್ಲಿ ಕೂರಿಸಿ ಮಣ್ಣು ಮಾಡಿದೆವು. ಆಗ ಎರಡು ವರ್ಷದವಳಾಗಿದ್ದ ಅವನ ಮಗಳಿಗೆ ನಾನು ಹೇಳುತ್ತ ಬಂದದ್ದು ಒಂದೇ ಮಾತು: ನಿಮ್ಮಪ್ಪ ಶಿವನ ಮುಂದೆ ಕೂತಿದ್ದಾನೆ. ಸಾಯುವಾಗ ಹೇಗಿದ್ದನೆಂದು ಹೇಳಿರಲಿಲ್ಲ. ಊರೂ ನನಗೆ ಹೆದರಿ ಬಾಯಿ ಮುಚ್ಚಿಕೊಂಡಿತ್ತು. ಏಳು ವರ್ಷ ಮುಚ್ಚಿದ್ದ ಬಾಯಿಯನ್ನು ತಾವು ಒಂದು ಚಿತ್ರದಿಂದ ತೆರೆದಿರಿ.

ಮುಂದಿನದನ್ನು ಉಪಾಧ್ಯಾಯ ಗಂಗಾಧರಸ್ವಾಮಿಯೇ ನಮ್ಮ ಜಗಲಿಯಲ್ಲಿ ತಲೆ ತಗ್ಗಿಸಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ರಾಚಮ್ಮ ಎಂಬ ಹುಡುಗಿ ನನ್ನ ಮೊಮ್ಮಗಳನ್ನು ತಿವಿದು, “ನಿಮ್ಮಪ್ಪ ಕಣೆ ಅದು. ಇಂಗೇ ನೇತಾಕಿದ್ರಂತೆ, ನಮ್ಮವ್ವ ಏಳ್ತಿದ್ಲು” ಅಂದಳು. ಮಗು ಎದ್ದು ಹೋಗಿ, ಜೋತ ಕಾಲುಗಳನ್ನು ಅಂಗೈಯಿಂದ ಒರೆಸಿ, ಮಡಿಸಿ ಕೂತ ಕಾಲುಗಳನ್ನು ಬರೆದಳು. ಎಡಗೈಯಲ್ಲಿ ಒಂದು ಚುಕ್ಕಿ ಇಟ್ಟಳು, ಲಿಂಗವೆಂದು. ಹಗ್ಗ ಒರೆಸಲು ಅವಳಿಗೆ ಎಟುಕಲಿಲ್ಲ. ಅಷ್ಟರಲ್ಲಿ ತಾವು ಆಟ ಕೆಡಿಸಿದವಳಿಗೆ ನಾಲ್ಕು ಏಟು ಎಂದು ಅಪ್ಪಣೆ ಕೊಡಿಸಿದಿರಿ. ಮೇಷ್ಟರು ಹಿಂಜರಿದಾಗ ಅವರ ನೌಕರಿಯ ನೆನಪು ಮಾಡಿದಿರಿ.

ಏಟು ಬಿದ್ದದ್ದು ಎಡ ಅಂಗೈಗೆ. ಮರುದಿನ ಪೂಜೆಗೆ ಕೂತಾಗ ಊದಿದ ಆ ಕೈಯಲ್ಲಿ ಲಿಂಗ ನಿಲ್ಲಲಿಲ್ಲ. ಕೆಳಗಿಂದ ನನ್ನ ಕೈ ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು: “ಅಜ್ಜಿ, ಅಪ್ಪ ಕೂತಿದ್ನಾ, ನೇತಾಡ್ತಿದ್ನಾ?” ಮಗನ ವಿಚಾರಣೆಯಲ್ಲಿ ಜಡ್ಜಿಯ ಮುಂದೆ ತಡವರಿಸದ ನಾಲಿಗೆ ನನ್ನದು. ಅಂದು ಏಳಲಿಲ್ಲ. ಆವತ್ತಿನಿಂದ ಅವಳು ಶಾಲೆಗೂ ಹೋಗಿಲ್ಲ, ನನ್ನ ಪಕ್ಕದಲ್ಲಿ ಮಲಗಿಯೂ ಇಲ್ಲ.

ಅಪರಾಧ ಮಾಡಿದ ಮಗನಿಗೇ ನಾನು ದಯೆ ಬೇಡಲಿಲ್ಲ. ನಿಮಗೆ ತೋರಿಸುತ್ತೇನೆಂದು ಭಾವಿಸಿದಿರಾ? ತಾವು ತನಿಖೆಗೆ ಹೋಗುವ ಪ್ರತಿ ಊರಿಗೂ ಈ ಪತ್ರದ ಪ್ರತಿ ಒಂದು ದಿನ ಮುಂಚೆ ತಲುಪುತ್ತದೆ. ಮೈಸೂರಿನ ಪತ್ರಿಕೆಗೆ ಈಗಾಗಲೇ ಹೋಗಿದೆ.

ಬರುವ ಸೋಮವಾರ ಅದೇ ಶಾಲೆಗೆ ಬನ್ನಿ. ಮಕ್ಕಳ ನಡುವೆ ನೆಲದ ಮೇಲೆ ಕೂರಿ. ಸೀಮೆಸುಣ್ಣ ನನ್ನ ಕೈಯಲ್ಲಿರುತ್ತದೆ. ಪದ ಮೂರಕ್ಷರದ್ದು: ತಾವು ಹೊಡೆಸಿದ ಹುಡುಗಿಯ ಹೆಸರು. ಹೊಡೆಸುವ ಮುನ್ನ ತಾವು ಅದನ್ನು ಕೇಳಲಿಲ್ಲ, ನಾನು ಈ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ತಪ್ಪಿದಂತೆಲ್ಲ ಗೆರೆ ಎಳೆಯುತ್ತೇನೆ, ತಮ್ಮ ಜರಿ ರುಮಾಲಿನಿಂದಲೇ ಆರಂಭಿಸಿ.

ಆಟ ಬೇಡವೆನಿಸಿದರೆ ಅವಳ ಮುಂದೆ ಕೈಮುಗಿದು ಹೆಸರು ಕೇಳಿ. ಹೇಳುವುದೂ ಬಿಡುವುದೂ ಅವಳ ಇಷ್ಟ.

ಇಂತಿ,
ಮೊಮ್ಮಗಳಿಗೆ ಇನ್ನೂ ಉತ್ತರ ಕೊಡದ
ಜವರಮ್ಮ