ಇಲಿಯ ಯಕೃತ್ತು, ನನ್ನ ತಂಗಿಯ ಕೆಮ್ಮು

ಆರೋಗ್ಯ ಮೇಳದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ತಾವು ವೇದಿಕೆಯ ಮೇಲೆ ಆಡಿದ ಒಂದು ಮಾತನ್ನು ನಂಬಿ ನನ್ನ ತಂಗಿ ಅಮೃತಾ ಕ್ಷಯರೋಗದ ಗುಳಿಗೆ ನಿಲ್ಲಿಸಿದಳು. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಇಲಿಗಳ ಮಟ್ಟಿಗೆ ಅದು ಸತ್ಯವೇ ಆಗಿತ್ತಂತೆ. ಎದುರಿಗೆ ಕೂತವರು ಇಲಿಗಳಲ್ಲ ಎಂಬುದು ತಮ್ಮ ಗಮನಕ್ಕೆ ಬರಲಿಲ್ಲ, ನನ್ನ ದೂರು ಅಷ್ಟೇ.

ನಾನು ಅಣ್ಣಿಗೇರಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಅಮೃತಾ ಬಸ್ ಕಂಡಕ್ಟರ್. ನವಲಗುಂದದ ಬಸ್ಸಿನಲ್ಲಿ ಅವಳ ದನಿ ಕೇಳಿದರೆ ನಿದ್ದೆಹೋದವರೂ ಎದ್ದು ಚಿಲ್ಲರೆ ಹುಡುಕುತ್ತಿದ್ದರು. ಹೋದ ವರ್ಷ ಅವಳಿಗೆ ಕೆಮ್ಮು ಹತ್ತಿ, ಕ್ಷಯವೆಂದು ಗೊತ್ತಾಗಿ, ಸರ್ಕಾರಿ ಗುಳಿಗೆ ಶುರುವಾಯಿತು. ಕೆಲವೇ ವಾರಗಳಲ್ಲಿ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು, ಕೆಲಸಕ್ಕೂ ಮರಳಿದಳು. ಹೊಟ್ಟೆ ತೊಳಸುವುದು ಮಾತ್ರ ಬಿಡಲಿಲ್ಲ. ಮೂತ್ರ ಕೆಂಪಗೆ ಹೋಗುವುದು ಗುಳಿಗೆಯ ಬಣ್ಣ, ಹೆದರಬೇಡಿ ಎಂದು ನರ್ಸಮ್ಮ ಮೊದಲೇ ಹೇಳಿದ್ದರು. ಆದರೆ ದಿನಾ ಬೆಳಗ್ಗೆ ಕೆಂಪು ನೋಡುವವಳಿಗೆ ಹೆದರಿಕೆ ಬಾರದೆ ಇರುತ್ತದೆಯೇ? ಒಳಗೆ ಏನೋ ಸುಡುತ್ತಿದೆ ಎಂಬ ಅನುಮಾನ ಅವಳನ್ನು ಹಿಡಿದುಕೊಂಡಿತು.

ಅಷ್ಟರಲ್ಲಿ ತಮ್ಮ ಮೇಳ ಬಂತು. ‘ಯಕೃತ್ತಿಗೆ ನೆಲನೆಲ್ಲಿಯ ರಕ್ಷಾಕವಚ: ವೈಜ್ಞಾನಿಕ ಪ್ರಯೋಗಗಳಿಂದ ಸಾಬೀತು’ ಎಂದು ಆಳೆತ್ತರದ ಫ್ಲೆಕ್ಸ್. ಕ್ಷಯದ ಗುಳಿಗೆಗಳು ಯಕೃತ್ತಿಗೆ ಮಾಡುವ ಹಾನಿಯನ್ನು ಈ ಸೊಪ್ಪಿನ ಸಾರ ತಡೆಯುತ್ತದೆ ಎಂದು ತಾವೇ ಮೈಕ್ ಹಿಡಿದು ಸಾರಿದಿರಿ. ಪಕ್ಕದ ಮಳಿಗೆಯಲ್ಲಿ ಅದರ ಪುಡಿಯೂ ಮಾರಾಟಕ್ಕಿತ್ತು. ಎಂಥ ಅನುಕೂಲ! ಮುಂದಿನ ಸಾಲಿನಲ್ಲಿ ಕೂತಿದ್ದ ಅಮೃತಾ ಚಪ್ಪಾಳೆ ತಟ್ಟಿದಳು.

ಮನೆಗೆ ಬಂದವಳೇ ಗುಳಿಗೆಯ ಪೊಟ್ಟಣವನ್ನು ಅಟ್ಟದ ಮೇಲೆ ಎಸೆದಳು. “ಅಕ್ಕಾ, ಗುಳಿಗಿ ಲಿವರ್ ಸುಡತಾವು, ಪುಡಿ ಕಾಯತೈತಿ. ಸುಡೂದನ್ನ ನುಂಗಿ, ಆಮ್ಯಾಲೆ ಕಾಯೂದನ್ನ ಯಾಕ ನುಂಗಬೇಕು? ಸುಡೂದನ್ನ ಬಿಟ್ರಾತಲ್ಲ?”

“ಡಾಕ್ಟರಿಗೆ ಒಂದ್ ಮಾತು ಕೇಳವಾ.”

“ಕೇಳೂದೇನೈತಿ? ಸಾಹೇಬ್ರು ಎಲ್ಲಾರ ಮುಂದ ಹೇಳ್ಯಾರ. ಈಗ ಕೆಮ್ಮರ ಎಲ್ಲೈತಿ?”

ನರ್ಸಮ್ಮ ಮನೆಗೆ ಬಂದು ಕೇಳಿದಾಗಲೆಲ್ಲ “ತಗೋಳಾಕತ್ತೇನ್ರಿ” ಎಂದಳು. ತಗೊಳ್ಳುತ್ತಿದ್ದುದು ಪುಡಿ.

ಬೇಸಿಗೆ ಶುರುವಾಗುವ ಹೊತ್ತಿಗೆ, ತುಂಬಿದ ಬಸ್ಸಿನಲ್ಲಿ “ಮುಂದ ಸರೀರಿ” ಎಂದು ಕೂಗುತ್ತಿದ್ದಾಗಲೇ ಕೆಮ್ಮು ಬಂತು, ಕರವಸ್ತ್ರದ ತುಂಬ ರಕ್ತ. ಎಷ್ಟು ಕೂಗಿದರೂ ಸರಿಯದ ಮಂದಿ ಅವತ್ತು ಒಮ್ಮೆಲೇ ದೂರ ಸರಿದರು. ಸಂತೆಗೆ ಹೊರಟಿದ್ದ ತಾಯವ್ವ ಎಂಬ ಮುದುಕಿಯೊಬ್ಬಳು ಮಾತ್ರ ಬಂದು ಬೆನ್ನು ಸವರಿ ನೀರು ಕುಡಿಸಿದಳು. ಗುಳಿಗೆ ನಡುವೆಯೇ ಬಿಟ್ಟಿದ್ದರಿಂದ ರೋಗಾಣು ಹಳೆಯ ಗುಳಿಗೆಗೆ ಈಗ ಬಗ್ಗುವುದಿಲ್ಲ, ಇನ್ನೂ ಕಠಿಣವಾದ ಔಷಧಿ ಬೇಕು ಎಂದರು ಹುಬ್ಬಳ್ಳಿಯ ವೈದ್ಯರು. ಅವಳ ಪುಟ್ಟ ಮಗಳು ರೋಹಿಣಿ ಸದ್ಯಕ್ಕೆ ನನ್ನ ಮನೆಯಲ್ಲಿ ಮಲಗುತ್ತಾಳೆ. ತಾಯಿ ಅಂಗಳದಲ್ಲಿ, ಮಾಸ್ಕ್ ಕಟ್ಟಿಕೊಂಡು, ದೂರದಿಂದ ಅವಳ ಪಾಠ ಒಪ್ಪಿಸಿಕೊಳ್ಳುತ್ತಾಳೆ.

ನಾನು ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬಹುದು. ಚಹಾ ತರಿಸಿದಿರಿ, ಸೌಜನ್ಯಕ್ಕೆ ಕೊರತೆಯಿರಲಿಲ್ಲ.

“ಆ ಪ್ರಯೋಗ ಯಾರ ಮ್ಯಾಲೆ ಮಾಡ್ಯಾರ್ರಿ?” ಎಂದೆ.

“ಇಲಿಗಳ ಮ್ಯಾಲೆ ತಂಗೀ.”

“ಮತ್ತ ಮಂದಿ ಮ್ಯಾಲೆ?”

“ಅದಿನ್ನೂ ಪೂರಾ ಆಗಬೇಕು. ಆದ್ರ ಫಲಿತಾಂಶ ಭಾಳ ಆಶಾದಾಯಕ ಐತಿ.”

“ಇಲಿ ಅಂತ ಫ್ಲೆಕ್ಸಿನ್ಯಾಗ ಯಾಕ ಬರೀಲಿಲ್ರಿ?”

“ಜಾಗಾ ಸಾಲಲಿಲ್ಲ,” ಎಂದಿರಿ. ಒಪ್ಪುವ ಮಾತೇ. ಕೈಮುಗಿದ ಅಷ್ಟೊಂದು ಗಣ್ಯರ ಭಾವಚಿತ್ರಗಳ ನಡುವೆ ಬಡ ಇಲಿಗೆ ಎಲ್ಲಿಯ ಜಾಗ?

ಆಮೇಲೆ ತಾವೇ ಉತ್ಸಾಹದಿಂದ ವಿವರಿಸಿದಿರಿ. ಆ ಇಲಿಗಳಿಗೆ ಕ್ಷಯವೇ ಇರಲಿಲ್ಲವಂತೆ. ಯಕೃತ್ತು ಕೆಡಲೆಂದೇ ಅವಕ್ಕೆ ಗುಳಿಗೆ ಕೊಟ್ಟರಂತೆ, ಜೊತೆಗೆ ಸೊಪ್ಪಿನ ಸಾರವನ್ನೂ ಕುಡಿಸಿದರಂತೆ. ಕೊನೆಗೆ ಕೊಯ್ದು ನೋಡಿದಾಗ ಯಕೃತ್ತು ಚೆನ್ನಾಗಿತ್ತಂತೆ. ಅಂದರೆ ಗುಳಿಗೆಯ ಬದಲು ಸೊಪ್ಪು ತಿಂದು ಕ್ಷಯ ಗೆದ್ದ ಇಲಿ ಒಂದೂ ಇಲ್ಲ! ಆ ಸಾಹಸಕ್ಕೆ ಕೈಹಾಕಿದವಳು ನನ್ನ ತಂಗಿ ಒಬ್ಬಳೇ. ಅವಳ ಯಕೃತ್ತು ಹೇಗಿದೆಯೆಂದು ಅದೇ ವಿಧಾನದಲ್ಲಿ ಪರೀಕ್ಷಿಸಲು ನಮ್ಮ ಮನೆಯವರು ಒಪ್ಪಲಿಲ್ಲ, ಕ್ಷಮೆಯಿರಲಿ.

ನೆಲನೆಲ್ಲಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಯಾವ ಮೈಕನ್ನೂ ಹಿಡಿಯಲಿಲ್ಲ. ಪ್ರಯೋಗ ಮಾಡಿದವರ ಮೇಲೂ ಇಲ್ಲ. ಇಲಿಯಲ್ಲಿ ಕಂಡದ್ದನ್ನು ಇಲಿಯಲ್ಲಿ ಕಂಡಿತೆಂದೇ ಅವರು ಬರೆದಿದ್ದಾರೆ ಎಂದು ತಾವೇ ಹೇಳಿದಿರಿ. ಪ್ರಯೋಗಶಾಲೆಯಿಂದ ಅಣ್ಣಿಗೇರಿಗೆ ಬರುವ ದಾರಿಯಲ್ಲಿ ಇಲಿಯನ್ನು ಕೆಳಗಿಳಿಸಿ, ಅದರ ಸೀಟಿನಲ್ಲಿ ಅಮೃತಾಳನ್ನು ಕೂರಿಸಿದವರು ಯಾರು?

ಮುಂದಿನ ತಿಂಗಳು ಕುಂದಗೋಳದಲ್ಲಿ ತಮ್ಮ ಮೇಳವಿದೆ ಎಂದು ಕೇಳಿದೆ. ನನ್ನ ಬೇಡಿಕೆ ದೊಡ್ಡದಲ್ಲ. ‘ಸಾಬೀತು’ ಎಂಬಷ್ಟೇ ದಪ್ಪ ಅಕ್ಷರದಲ್ಲಿ ‘ಇಲಿಗಳಲ್ಲಿ ಮಾತ್ರ’ ಎಂದೂ ಬರೆಸಿ, ಒಂದಿಬ್ಬರು ಗಣ್ಯರು ಪಕ್ಕಕ್ಕೆ ಸರಿಯಲಿ. ವೇದಿಕೆಯ ಪಕ್ಕದ ಪುಡಿ ಮಳಿಗೆ ಎತ್ತಿಸಿ, ಅಲ್ಲಿ ರೋಗಿಗಳ ಅನುಮಾನ ಕೇಳಲು ಒಬ್ಬ ವೈದ್ಯರನ್ನು ಕೂರಿಸಿ. ಮುಂದಿನ ಸಾಲಿನಲ್ಲಿ, ಸೆರಗಿನಲ್ಲಿ ಗುಳಿಗೆ ಪೊಟ್ಟಣ ಬಚ್ಚಿಟ್ಟುಕೊಂಡು, ಹೆದರಿದ ಹೆಣ್ಣುಮಗಳೊಬ್ಬಳು ಖಂಡಿತ ಕೂತಿರುತ್ತಾಳೆ. ತಾವು ಭಾಷಣ ಆರಂಭಿಸುವ ಮೊದಲು ಅವಳನ್ನು ನೋಡಿ ಹೇಳಿ: “ಗುಳಿಗಿ ಬಿಡಬ್ಯಾಡವಾ.”

ಇಂತಿ,
ಆಶಾದಾಯಕ ಫಲಿತಾಂಶಕ್ಕಾಗಿ ಕಾಯುವ ತಾಳ್ಮೆ ಕಳೆದುಕೊಂಡ,
ಅಮೃತಾಳ ಅಕ್ಕ ಮಹಾನಂದಾ
ಅಣ್ಣಿಗೇರಿ